ಮೀನು ಎಣಿಸೋದು ಯಾರು?

ಪ್ರತಿ ವರ್ಷ ಜೂನ್ 8 ವಿಶ್ವ ಸಾಗರ ದಿನ. ಅವತ್ತು ನಮ್ಮ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ, ಕ್ಲಬ್‌ಗಳ ಇನ್‌ಸ್ಟಾಗ್ರಾಂ ಪೇಜ್‌ಗಳಲ್ಲಿ ನೀಲಿ ಬಣ್ಣದ ಪೋಸ್ಟರ್‌ಗಳು ತೇಲಾಡುತ್ತವೆ. ಒಂದು ಆಮೆ, ಒಂದು ಪ್ಲಾಸ್ಟಿಕ್ ಸ್ಟ್ರಾ, 'ಸಮುದ್ರ ಉಳಿಸಿ' ಅನ್ನೋ ಎರಡು ಪದ. ಜೂನ್ 9ಕ್ಕೆ ಎಲ್ಲ ಮುಗಿದಿರುತ್ತೆ. ಪೋಸ್ಟರ್ ಮಾಡಿದವರ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಎಂಜಿನಿಯರಿಂಗ್ ಓದುತ್ತಿರೋ ನಾವು ಇಷ್ಟಕ್ಕೇ ನಿಲ್ಲಿಸಿದರೆ ಸಾಲದು ಅನ್ನೋದು ಈ ಲೇಖನದ ವಾದ.

ಯಾಕಂದ್ರೆ ಸಮುದ್ರದ ಮೀನು ಖಾಲಿ ಮಾಡಿದ್ದು ಸ್ಟ್ರಾ ಅಲ್ಲ. ಎಂಜಿನ್, ವಿಂಚ್, ಫ್ರೀಜರ್, ಸೋನಾರ್, ಜಿಪಿಎಸ್. ಅಂದ್ರೆ ನಮ್ಮದೇ ಸಿಲಬಸ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಪಂಚದ ಮೀನು ಸಂಪತ್ತಿನ ಲೆಕ್ಕ ಇಡುತ್ತೆ. 1974ರಲ್ಲಿ ಅದು ಪರಿಶೀಲಿಸಿದ ಮೀನು ಸಮೂಹಗಳಲ್ಲಿ ಶೇ. 10ರಷ್ಟು ಮಾತ್ರ ಮಿತಿಮೀರಿ ಹಿಡಿಯಲ್ಪಟ್ಟಿದ್ದವು. ಈಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಆ ಐವತ್ತು ವರ್ಷಗಳಲ್ಲಿ ಮನುಷ್ಯನ ಹಸಿವು ಮಾತ್ರ ಬೆಳೆಯಲಿಲ್ಲ, ಹುಡುಕೋ ಮತ್ತು ಎಳೆಯೋ ಯಂತ್ರಗಳ ತಾಕತ್ತೂ ಬೆಳೆಯಿತು.

ಇದನ್ನು ತಡೆಯೋಕೆ ದೇಶಗಳು ಸೇರಿ ಒಪ್ಪಂದಗಳ ಮೇಲೆ ಒಪ್ಪಂದ ಮಾಡಿಕೊಂಡಿವೆ. ಕೆಲವು ಕೆಲಸ ಮಾಡಿವೆ, ಕೆಲವು ಕಾಗದದಲ್ಲೇ ಉಳಿದಿವೆ. ಯಾವುದು ಯಾಕೆ ಗೆದ್ದಿತು, ಯಾವುದು ಯಾಕೆ ಸೋತಿತು ಅಂತ ನೋಡುತ್ತಾ ಹೋದಾಗ ನಮಗೆ ಮೂರು ಪ್ರಶ್ನೆ ಮುಖ್ಯ ಅನ್ನಿಸಿದವು. ಮೀನಿನ ಎಣಿಕೆ ಸರಿಯಾಗಿದೆಯಾ? ಆ ಎಣಿಕೆ ಎಲ್ಲರಿಗೂ ಕಾಣುತ್ತಾ? ನಿರ್ಧಾರ ಮಾಡೋರು ಆ ಎಣಿಕೆಯ ಮಾತು ಕೇಳ್ತಾರಾ? ಮೂರಕ್ಕೂ 'ಹೌದು' ಅಂತ ಉತ್ತರ ಇದ್ದಲ್ಲಿ ಮೀನು ವಾಪಸ್ ಬಂದಿದೆ. ಒಂದಕ್ಕೆ 'ಇಲ್ಲ' ಅಂದ್ರೂ ಸಾಕು, ಎಲ್ಲ ಕೈಬಿಟ್ಟು ಹೋಗುತ್ತೆ.

ಕೋಡ್ ಅಲ್ಲ, ಕಾಡ್

ಮೊದಲು ಸೋಲಿನ ಕತೆ. ಕೆನಡಾದ ಪೂರ್ವ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಅನ್ನೋ ದೊಡ್ಡ ದ್ವೀಪ ಇದೆ. ಅದರ ಸುತ್ತಲಿನ ತಣ್ಣನೆಯ ಸಮುದ್ರದಲ್ಲಿ ಕಾಡ್ ಅನ್ನೋ ಮೀನು. 1497ರಲ್ಲಿ ಜಾನ್ ಕ್ಯಾಬಟ್ ಅಲ್ಲಿಗೆ ಹೋಗಿ ಬಂದಾಗ, ನೀರಿಗೆ ಬುಟ್ಟಿ ಇಳಿಸಿದರೆ ಸಾಕು ಮೀನು ಸಿಗುತ್ತೆ ಅಂತ ಯುರೋಪಿಗೆ ಸುದ್ದಿ ಹೋಯಿತು. ಅಲ್ಲಿಂದ ಮುಂದೆ ಸುಮಾರು ನಾನೂರೈವತ್ತು ವರ್ಷ ಗಾಳ, ಸಣ್ಣ ದೋಣಿ, ಉಪ್ಪು, ಬಿಸಿಲು ಇಷ್ಟರಲ್ಲೇ ಆ ಮೀನುಗಾರಿಕೆ ನಡೆಯಿತು. ಊರಿಗೆ ಊರೇ ಅದರ ಮೇಲೆ ಬದುಕಿತು. ಇಷ್ಟು ಕಾಲವೂ ವರ್ಷಕ್ಕೆ ಹಿಡಿಯುತ್ತಿದ್ದುದು 3 ಲಕ್ಷ ಟನ್ ದಾಟುತ್ತಿರಲಿಲ್ಲ.

1954ರಲ್ಲಿ ಬ್ರಿಟನ್ನಿನ ಫೇರ್‌ಟ್ರೈ ಅನ್ನೋ ಹಡಗು ಕೆಲಸ ಶುರು ಮಾಡಿತು. ಅದು ತೇಲುವ ಕಾರ್ಖಾನೆ. ಹಿಂಬದಿಯಿಂದ ಬಲೆ ಎಳೆದುಕೊಳ್ಳೋ ಇಳಿಜಾರು, ಒಳಗೆ ಮೀನು ಸೀಳೋ ಯಂತ್ರ, ಅದರ ಪಕ್ಕದಲ್ಲೇ ಫ್ರೀಜರ್. ಸಮುದ್ರದ ಮಧ್ಯದಲ್ಲೇ ವಾರಗಟ್ಟಲೆ ನಿಲ್ಲಬಹುದು, ಹಗಲು ರಾತ್ರಿ ಹಿಡಿಯಬಹುದು. ನೋಡನೋಡುತ್ತಿದ್ದಂತೆ ಸೋವಿಯತ್ ಒಕ್ಕೂಟ, ಸ್ಪೇನ್, ಪೋರ್ಚುಗಲ್, ಜರ್ಮನಿ ಎಲ್ಲರೂ ಅಂಥ ಹಡಗುಗಳನ್ನು ತಂದರು. 1968ರಲ್ಲಿ ಆ ಭಾಗದ ಕಾಡ್ ಹಿಡಿತ ಸುಮಾರು 8 ಲಕ್ಷ ಟನ್‌ಗೆ ಏರಿತು. ಆಮೇಲೆ ಗ್ರಾಫ್ ಕೆಳಗೆ.

1977ರಲ್ಲಿ ಕೆನಡಾ ತನ್ನ ಕರಾವಳಿಯಿಂದ 200 ನಾಟಿಕಲ್ ಮೈಲಿವರೆಗೆ ಹಕ್ಕು ಸ್ಥಾಪಿಸಿ ವಿದೇಶಿ ಹಡಗುಗಳನ್ನು ಬಹುಪಾಲು ಹೊರಗೆ ಕಳಿಸಿತು. ಇನ್ನು ಎಲ್ಲ ಸರಿಹೋಗುತ್ತೆ ಅಂತಲೇ ಅಂದುಕೊಂಡರು. ಆದರೆ ವಿದೇಶಿ ಟ್ರಾಲರ್‌ಗಳ ಜಾಗಕ್ಕೆ ಸ್ವದೇಶಿ ಟ್ರಾಲರ್‌ಗಳು ಬಂದವು. ಬಾವುಟ ಬದಲಾಯಿತು, ಬಲೆ ಬದಲಾಗಲಿಲ್ಲ.

ಇಲ್ಲಿಂದ ಮುಂದಿನ ಭಾಗ ನಮ್ಮಂಥವರು ಗಮನಿಸಬೇಕಾದದ್ದು. ಎಷ್ಟು ಮೀನು ಹಿಡಿಯಬಹುದು ಅಂತ ಪ್ರತಿ ವರ್ಷ ಮಿತಿ ಹಾಕೋಕೆ ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಗೊತ್ತಿರಬೇಕು. ಅದಕ್ಕೆ ವಿಜ್ಞಾನಿಗಳ ಹತ್ತಿರ ಎರಡು ಬಗೆಯ ಡೇಟಾ ಇತ್ತು. ಒಂದು, ಸರಕಾರಿ ಸರ್ವೇ ಹಡಗಿನದು. ಅದು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಿತ್ತು. ಇನ್ನೊಂದು, ದೊಡ್ಡ ಟ್ರಾಲರ್‌ಗಳು ಒಂದು ಗಂಟೆ ಬಲೆ ಎಳೆದರೆ ಎಷ್ಟು ಮೀನು ಸಿಗುತ್ತೆ ಅನ್ನೋ ಅಂಕಿ. ಇದು ಚೆನ್ನಾಗಿಯೇ ಇತ್ತು. ಹಾಗಾದ್ರೆ ಮೀನು ಹೆಚ್ಚುತ್ತಿದೆ ಅಂತ ಅರ್ಥ ಮಾಡಿಕೊಂಡರು.

ಇದರಲ್ಲಿ ತಪ್ಪು ಎಲ್ಲಿದೆ ಅಂತ ಹಾಸ್ಟೆಲ್ ಮೆಸ್‌ನಲ್ಲಿ ಊಟ ಮಾಡಿದ ಯಾರಿಗಾದರೂ ಹೇಳಬಹುದು. ಸಾಂಬಾರಿನ ದೊಡ್ಡ ಪಾತ್ರೆ ಇದೆ. ಸೌಟು ತಳಕ್ಕೆ ಇಳಿಸಿ ಹೋಳು ಹುಡುಕಿ ತೆಗೆಯೋದರಲ್ಲಿ ಪಳಗಿದ ಒಬ್ಬ ಸೀನಿಯರ್ ಇದ್ದಾನೆ. ಪಾತ್ರೆಯಲ್ಲಿ ಹತ್ತೇ ಹೋಳು ಉಳಿದಿದ್ದರೂ ಅವನ ಸೌಟಿಗೆ ನಾಲ್ಕು ಬರುತ್ತೆ. ಅವನ ತಟ್ಟೆ ನೋಡಿ 'ಪಾತ್ರೆ ತುಂಬ ಹೋಳಿದೆ' ಅಂತ ಲೆಕ್ಕ ಹಾಕಿದರೆ ಹೇಗೆ? ಟ್ರಾಲರ್‌ಗಳಲ್ಲಿ ಆಗಿದ್ದೂ ಅದೇ. ಸೋನಾರ್ ಸುಧಾರಿಸುತ್ತಾ ಹೋಯಿತು, ನಾವಿಕರ ಅನುಭವ ಹೆಚ್ಚಿತು. ಮೀನು ಕಡಿಮೆಯಾದಂತೆ ಉಳಿದದ್ದು ಕೆಲವೇ ಜಾಗಗಳಲ್ಲಿ ಒತ್ತಾಗಿ ಸೇರಿಕೊಂಡಿತು. ಹಡಗುಗಳು ನೇರ ಅಲ್ಲಿಗೇ ಹೋದವು. ಗಂಟೆಗೆ ಸಿಗೋ ಮೀನು ಕಡಿಮೆಯಾಗಲೇ ಇಲ್ಲ, ಸಮುದ್ರದ ಮೀನು ಮಾತ್ರ ಮುಗಿಯುತ್ತಾ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೆನ್ಸಾರ್ ಕೆಟ್ಟಿರಲಿಲ್ಲ, ಅದನ್ನು ಇಟ್ಟ ಜಾಗ ತಪ್ಪಾಗಿತ್ತು.

ಸರಿಯಾದ ಜಾಗದಲ್ಲಿದ್ದ ಸೆನ್ಸಾರ್ ಒಂದಿತ್ತು. ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಮೀನು ಹಿಡಿಯೋ ಜನ. ಬೇಸಿಗೆಯಲ್ಲಿ ದಡದ ಕಡೆ ಬರುತ್ತಿದ್ದ ಕಾಡ್ ಈಗ ಬರುತ್ತಿಲ್ಲ, ಬಂದರೂ ಗಾತ್ರ ಚಿಕ್ಕದು ಅಂತ 1980ರ ದಶಕದ ಮಧ್ಯದಿಂದಲೇ ಅವರು ಕೂಗುತ್ತಿದ್ದರು. ಅವರ ಮಾತು ಡೇಟಾ ಅನ್ನಿಸಿಕೊಳ್ಳಲಿಲ್ಲ. ಕೊನೆಗೆ ವಿಜ್ಞಾನಿಗಳಿಗೂ ತಮ್ಮ ಅಂದಾಜು ಬಹಳ ಜಾಸ್ತಿಯಾಗಿದೆ ಅಂತ ಗೊತ್ತಾಗಿ, 1989ಕ್ಕೆ ಮಿತಿಯನ್ನು 1 ಲಕ್ಷ 25 ಸಾವಿರ ಟನ್‌ಗೆ ಇಳಿಸಿ ಅಂದರು. ಸರಕಾರ ಹಾಕಿದ ಮಿತಿ 2 ಲಕ್ಷ 35 ಸಾವಿರ ಟನ್. ಒಮ್ಮೆಗೇ ಅಷ್ಟು ಕಡಿತ ಮಾಡಿದರೆ ಕೆಲಸ ಹೋಗುತ್ತೆ, ಊರುಗಳು ಹಾಳಾಗುತ್ತವೆ ಅನ್ನೋದು ಕಾರಣ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನೋ ಗಾದೆ ಇದೆಯಲ್ಲ, 1992ರ ಜುಲೈ 2ರಂದು ಆದದ್ದು ಅದು. ಮೀನುಗಾರಿಕೆ ಸಚಿವ ಜಾನ್ ಕ್ರಾಸ್ಬಿ ಕಾಡ್ ಹಿಡಿಯೋದನ್ನೇ ನಿಷೇಧಿಸಿದರು. ಅವರು ಪತ್ರಿಕಾಗೋಷ್ಠಿ ಮಾಡುತ್ತಿದ್ದ ಕೋಣೆಯ ಬಾಗಿಲನ್ನು ಮೀನುಗಾರರು ಹೊರಗಿನಿಂದ ಗುದ್ದುತ್ತಿದ್ದರು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು. ಕೆಲಸ ಉಳಿಸೋಕೆ ಅಂತ ಮಿತಿ ಸಡಿಲ ಬಿಟ್ಟ ಸರಕಾರವೇ ಎಲ್ಲರ ಕೆಲಸವನ್ನೂ ಒಂದೇ ದಿನ ನಿಲ್ಲಿಸಬೇಕಾಯಿತು. ಆ ವರ್ಷಗಳಲ್ಲಿ ಸಮುದ್ರದ ನೀರು ತಣ್ಣಗಾಗಿದ್ದೂ ಒಂದು ಕಾರಣ ಅನ್ನೋ ವಾದ ಇದೆ, ಇರಬಹುದು. ಆದರೆ ಜೇಬಲ್ಲಿ ದುಡ್ಡಿದ್ದವನಿಗೆ ಒಂದು ಜ್ವರ ತಡೆಯೋಕೆ ಆಗುತ್ತೆ, ದಿವಾಳಿ ಎದ್ದವನಿಗೆ ಆಗಲ್ಲ.

ನಿಷೇಧ ಎರಡು ವರ್ಷ ಅಂತ ಹೇಳಿದ್ದರು. ಅಧಿಕೃತವಾಗಿ ತೆರವಾಗಿದ್ದು 2024ರ ಜೂನ್‌ನಲ್ಲಿ, ಅಂದ್ರೆ 32 ವರ್ಷದ ಮೇಲೆ. ಆ ವರ್ಷಕ್ಕೆ ಕೊಟ್ಟ ಮಿತಿ 18 ಸಾವಿರ ಟನ್. 1968ರ 8 ಲಕ್ಷದ ಪಕ್ಕ ಇಟ್ಟು ನೋಡಿ.

ವಾಪಸ್ ಬಂದ ಟ್ಯೂನಾ

ಈಗ ಗೆಲುವಿನ ಕತೆ, ಯಾಕಂದ್ರೆ 'ಎಲ್ಲ ಮುಗೀತು' ಅಂತ ಕೂರೋದೂ ಒಂಥರಾ ಸೋಮಾರಿತನ. ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ ಅನ್ನೋ ಮೀನು ಬೆಳೆದರೆ ಒಂದು ಕೋಣದಷ್ಟು ತೂಗುತ್ತೆ. ಜಪಾನಿನ ಸುಶಿ ಮಾರುಕಟ್ಟೆಯಲ್ಲಿ ಅದಕ್ಕೆ ಬಂಗಾರದ ಬೆಲೆ. ಅದು ಒಂದು ದೇಶದ ಸಮುದ್ರದಲ್ಲಿ ಇರೋದಿಲ್ಲ. ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಮೊಟ್ಟೆ ಇಡೋಕೆ ಬಂದು ಹೋಗುತ್ತೆ. ಹಾಗಾಗಿ ಯಾವ ಒಂದು ದೇಶವೂ ಅದನ್ನು ಒಬ್ಬಂಟಿಯಾಗಿ ಉಳಿಸೋಕೆ ಆಗಲ್ಲ. ಇದಕ್ಕಾಗಿಯೇ ಇಕ್ಕ್ಯಾಟ್ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ ಇದೆ, ಕಚೇರಿ ಮ್ಯಾಡ್ರಿಡ್‌ನಲ್ಲಿ.

2007ರ ಸುಮಾರಿಗೆ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ ಇಕ್ಕ್ಯಾಟ್ ಕೊಟ್ಟ ಮಿತಿ ಸುಮಾರು 30 ಸಾವಿರ ಟನ್. ವಿಜ್ಞಾನಿಗಳು ಕೇಳಿದ್ದು ಅದರ ಅರ್ಧ. ನಿಜವಾಗಿ ಹಿಡಿದದ್ದು ಮಿತಿಯ ಸುಮಾರು ಎರಡು ಪಟ್ಟು ಅಂತ ಅಂದಾಜು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮಿತಿ ಹಾಕಿದ ದೇಶಗಳ ಹಡಗುಗಳೇ ಮಿತಿ ಮೀರಿದವು. 2010ರಲ್ಲಿ ಈ ಮೀನಿನ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸೋಣ ಅನ್ನೋ ಪ್ರಸ್ತಾವ ದೋಹಾದಲ್ಲಿ ಮತಕ್ಕೆ ಬಂತು. ಬಿದ್ದು ಹೋಯಿತು, ಆದರೆ ಬೆದರಿಕೆ ಕೆಲಸ ಮಾಡಿತು. ಇಕ್ಕ್ಯಾಟ್ ಮಿತಿಯನ್ನು 13,500 ಟನ್‌ಗೆ ಇಳಿಸಿತು. ಹಿಡಿಯೋ ಸೀಸನ್ ಚಿಕ್ಕದಾಯಿತು. ವಿಮಾನದಿಂದ ಮೀನಿನ ಹಿಂಡು ಹುಡುಕೋದು ನಿಂತಿತು. 30 ಕೆ.ಜಿ.ಗಿಂತ ಚಿಕ್ಕ ಮೀನು ಹಿಡಿಯೋದಕ್ಕೆ, ಕೆಲವು ವಿನಾಯಿತಿ ಬಿಟ್ಟರೆ, ತಡೆ ಬಿತ್ತು.

ನಮಗೆ ಇಷ್ಟವಾದ ಭಾಗ ಇದರ ನಂತರದ್ದು. ಮೆಡಿಟರೇನಿಯನ್‌ನಲ್ಲಿ ಟ್ಯೂನಾವನ್ನು ಜೀವಂತ ಹಿಡಿದು ಸಮುದ್ರದಲ್ಲೇ ಪಂಜರಕ್ಕೆ ಹಾಕಿ ಕೊಬ್ಬಿಸಿ ಮಾರುತ್ತಾರೆ. ನೀರಿನೊಳಗೇ ಕೈ ಬದಲಾಗೋ ಮೀನನ್ನು ತೂಕ ಮಾಡೋದು ಹೇಗೆ? ಪಂಜರಕ್ಕೆ ಸೇರಿಸುವಾಗ ಎರಡು ಲೆನ್ಸ್‌ಗಳ ಸ್ಟೀರಿಯೋ ಕ್ಯಾಮೆರಾ ಇಡಬೇಕು ಅನ್ನೋ ನಿಯಮ ಬಂತು. ಎರಡು ಚಿತ್ರಗಳ ವ್ಯತ್ಯಾಸದಿಂದ ಮೀನಿನ ಉದ್ದ, ಉದ್ದದಿಂದ ತೂಕ. ಕಂಪ್ಯೂಟರ್ ವಿಷನ್ ಕ್ಲಾಸಿನಲ್ಲಿ ಮೊದಲ ತಿಂಗಳು ಹೇಳಿಕೊಡೋ ವಿಷಯ. ಇದರ ಜೊತೆಗೆ ಮೀನು ಹಿಡಿದ ಬಲೆಯಿಂದ ಮಾರುಕಟ್ಟೆವರೆಗೆ ದಾಖಲೆ ಕಡ್ಡಾಯ. 2016ರಿಂದ ಆ ದಾಖಲೆ ಪೂರ್ತಿ ಎಲೆಕ್ಟ್ರಾನಿಕ್. ಕಾಗದ ಇಲ್ಲದ ಮೀನಿಗೆ ಮಾರುಕಟ್ಟೆ ಇಲ್ಲ.

ಟ್ಯೂನಾ ವಾಪಸ್ ಬಂತು. 2021ರಲ್ಲಿ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು 'ಅಳಿವಿನ ಅಂಚಿನಲ್ಲಿದೆ' ಅನ್ನೋ ವರ್ಗದಿಂದ ತೆಗೆದು 'ಸದ್ಯಕ್ಕೆ ಆತಂಕವಿಲ್ಲ' ಅನ್ನೋ ವರ್ಗಕ್ಕೆ ಹಾಕಿತು. 2023ಕ್ಕೆ ಪೂರ್ವ ಭಾಗದ ಮಿತಿ 40 ಸಾವಿರ ಟನ್ ದಾಟಿತು. ಅಮೆರಿಕದ ಕಡೆಯ ಪಶ್ಚಿಮ ಅಟ್ಲಾಂಟಿಕ್‌ನಲ್ಲಿ ಚೇತರಿಕೆ ಇನ್ನೂ ಅಷ್ಟಿಲ್ಲ, ಕಳ್ಳ ವ್ಯಾಪಾರವೂ ನಿಂತಿಲ್ಲ. ಆದರೂ ದಿಕ್ಕು ತಿರುಗಿದ್ದು ನಿಜ. ಕಡಿಮೆ ಹಿಡಿದಿದ್ದರಿಂದ ಹೆಚ್ಚು ಹಿಡಿಯೋ ಹಾಗಾಯಿತು. ಕೆನಡಾದಲ್ಲಿ ಯಾರಿಗೂ ಕೇಳಿಸಿಕೊಳ್ಳೋಕೆ ಇಷ್ಟವಿಲ್ಲದ ಮಾತು ಇದೇ ಆಗಿತ್ತು.

ಯಾರದೂ ಅಲ್ಲದ ಮೂರನೇ ಎರಡು ಭಾಗ

1982ರ ವಿಶ್ವಸಂಸ್ಥೆಯ ಸಾಗರ ಕಾನೂನಿನ ಪ್ರಕಾರ ಪ್ರತಿ ಕರಾವಳಿ ದೇಶಕ್ಕೆ 200 ನಾಟಿಕಲ್ ಮೈಲಿ, ಅಂದ್ರೆ ಸುಮಾರು 370 ಕಿಲೋಮೀಟರ್‌ವರೆಗಿನ ಮೀನಿನ ಮೇಲೆ ಹಕ್ಕು. ಅದರಾಚೆ ಯಾರದೂ ಅಲ್ಲ. ಸಮುದ್ರದ ಮೇಲ್ಮೈಯಲ್ಲಿ ಸುಮಾರು ಮೂರನೇ ಎರಡು ಭಾಗ ಹೀಗೆ ಯಾರದೂ ಅಲ್ಲದ್ದು. ಊರಿನ ಗೋಮಾಳ ಏನಾಗುತ್ತೆ ಅಂತ ಗೊತ್ತಿರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಹಡಗಿನ ಮೇಲೆ ಅಧಿಕಾರ ಇರೋದು ಅದು ಯಾವ ದೇಶದ ಬಾವುಟ ಹಾಕಿದೆಯೋ ಆ ದೇಶಕ್ಕೆ. ಬಾವುಟ ಬಾಡಿಗೆಗೆ ಕೊಡೋ ದೇಶಗಳೂ ಇವೆ. ಹಡಗಿನ ಮಾಲೀಕ ಒಂದು ದೇಶ, ಬಾವುಟ ಇನ್ನೊಂದು, ಕೆಲಸಗಾರರು ಮತ್ತೊಂದು ದೇಶ. ಹಿಡಿಯೋಕೆ ಹೋದರೆ ಯಾರನ್ನು ಹಿಡಿಯೋದು? ಅದಕ್ಕೇ 2016ರಲ್ಲಿ ಜಾರಿಗೆ ಬಂದ ಬಂದರು ಕ್ರಮಗಳ ಒಪ್ಪಂದ ನಮಗೆ ಜಾಣತನದ್ದು ಅನ್ನಿಸುತ್ತೆ. ವಿಶಾಲ ಸಮುದ್ರದಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗೋದು ಕಷ್ಟ ಮತ್ತು ದುಬಾರಿ. ಆದರೆ ಎಂಥ ಕಳ್ಳನೂ ಒಂದಲ್ಲ ಒಂದು ದಿನ ಮೀನು ಇಳಿಸೋಕೆ ಬಂದರಿಗೆ ಬರಲೇಬೇಕು. ಅನುಮಾನ ಇರೋ ಹಡಗನ್ನು ಬಂದರಿನೊಳಗೇ ಬಿಡಬೇಡಿ ಅನ್ನೋದು ಈ ಒಪ್ಪಂದ. ಸಿಸ್ಟಂನಲ್ಲಿ ಬಾಟಲ್‌ನೆಕ್ ಎಲ್ಲಿದೆ ಅಂತ ಹುಡುಕಿ ಅಲ್ಲೇ ಗೇಟ್ ಹಾಕಿದ ಹಾಗೆ.

ಇನ್ನು ಸುದ್ದಿಯಲ್ಲಿ ಹೆಚ್ಚು ಕೇಳಿದ್ದು ಹೈ ಸೀಸ್ ಒಪ್ಪಂದ. ಸುಮಾರು ಇಪ್ಪತ್ತು ವರ್ಷದ ಮಾತುಕತೆಯ ನಂತರ 2023ರ ಜೂನ್ 19ರಂದು ಅಂಗೀಕಾರವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬೇಕಾದ 60 ದೇಶಗಳ ಅನುಮೋದನೆ ಸಿಕ್ಕಿ 2026ರ ಜನವರಿ 17ರಂದು ಜಾರಿಗೆ ಬಂತು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದೆ. ಇದರಿಂದ ಮೊದಲ ಬಾರಿಗೆ ಯಾರದೂ ಅಲ್ಲದ ಸಮುದ್ರದಲ್ಲಿ ಸಂರಕ್ಷಿತ ಪ್ರದೇಶ ಘೋಷಿಸೋಕೆ ಒಂದು ದಾರಿ ಸಿಕ್ಕಿದೆ. 2030ರೊಳಗೆ ಸಮುದ್ರದ ಶೇ. 30 ಭಾಗ ರಕ್ಷಿಸೋಣ ಅಂತ ದೇಶಗಳು 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿಕೊಂಡಿದ್ದಕ್ಕೆ ಇದಿಲ್ಲದೆ ಅರ್ಥವೇ ಇರಲಿಲ್ಲ. ಆದರೆ ಒಂದು ಮಾತು ನೆನಪಿರಲಿ. ಮೀನುಗಾರಿಕೆಯ ಮಿತಿ ಹಾಕೋ ಕೆಲಸ ಈಗಲೂ ಇಕ್ಕ್ಯಾಟ್‌ನಂಥ ಹಳೆಯ ಸಂಸ್ಥೆಗಳ ಕೈಯಲ್ಲೇ ಇದೆ. ಹೊಸ ಒಪ್ಪಂದ ಅವುಗಳ ಅಧಿಕಾರವನ್ನು ಮುಟ್ಟೋದಿಲ್ಲ. ಹಾಗಾಗಿ ಪೇಪರ್‌ನಲ್ಲಿ 'ಸಮುದ್ರ ಉಳೀತು' ಅನ್ನೋ ಹೆಡ್‌ಲೈನ್ ನೋಡಿ ಖುಷಿಪಡೋಕೆ ಇನ್ನೂ ಸಮಯ ಇದೆ.

ಕತ್ತಲಲ್ಲಿರೋ ಹಡಗುಗಳು

ನಕ್ಷೆಯ ಮೇಲೆ ಗೆರೆ ಎಳೆದು 'ಇಲ್ಲಿ ಹಿಡಿಯಬೇಡಿ' ಅನ್ನೋದು ಸುಲಭ. ಯಾರು ಹಿಡಿಯುತ್ತಿದ್ದಾರೆ ಅಂತ ನೋಡೋದು ಹೇಗೆ? ಇಲ್ಲಿ ಎಐಎಸ್ ಬರುತ್ತೆ. ಹಡಗು ತನ್ನ ಗುರುತು, ಜಾಗ, ವೇಗವನ್ನು ವಿಎಚ್‌ಎಫ್ ರೇಡಿಯೋದಲ್ಲಿ ಸಾರುತ್ತಾ ಹೋಗೋ ವ್ಯವಸ್ಥೆ. ಇದನ್ನು ಮಾಡಿದ್ದು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಅಂತ. ಆಮೇಲೆ ಆ ಸಿಗ್ನಲ್ ಉಪಗ್ರಹಕ್ಕೂ ಕೇಳಿಸುತ್ತೆ ಅಂತ ಗೊತ್ತಾಯಿತು. ಹಡಗು ನೇರ ಹೋಗುತ್ತಿದೆಯಾ, ನಿಧಾನಕ್ಕೆ ಹಿಂದೆ ಮುಂದೆ ಸುತ್ತುತ್ತಿದೆಯಾ ಅನ್ನೋದನ್ನು ನೋಡಿ ಅದು ಬಲೆ ಎಳೆಯುತ್ತಿದೆಯೋ ಇಲ್ಲವೋ ಅಂತ ಮಷೀನ್ ಲರ್ನಿಂಗ್ ಮಾಡೆಲ್ ಹೇಳಬಲ್ಲದು. 2016ರಲ್ಲಿ ಶುರುವಾದ ಗ್ಲೋಬಲ್ ಫಿಶಿಂಗ್ ವಾಚ್ ಮಾಡಿದ್ದು ಇದನ್ನೇ. ಅದರ ನಕ್ಷೆ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಮ್ಮ ಹಾಸ್ಟೆಲ್ ವೈಫೈನಲ್ಲೂ ತೆರೆದುಕೊಳ್ಳುತ್ತೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಆದರೆ ಎಐಎಸ್ ಸ್ವಿಚ್ ಹಡಗಿನವರ ಕೈಯಲ್ಲೇ ಇದೆ. ಆಫ್ ಮಾಡಿದರೆ ಮಾಯ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ರೇಡಾರ್ ಉಪಗ್ರಹಗಳ ಚಿತ್ರಗಳನ್ನು ಎಐಎಸ್ ಜೊತೆ ಹೋಲಿಸಿ ನೋಡಿತು. ಪ್ರಪಂಚದ ದೊಡ್ಡ ಮೀನುಗಾರಿಕೆ ಹಡಗುಗಳಲ್ಲಿ ಸುಮಾರು ನಾಲ್ಕನೇ ಮೂರು ಭಾಗ ಸಾರ್ವಜನಿಕ ಟ್ರ್ಯಾಕಿಂಗ್‌ನಲ್ಲಿ ಕಾಣೋದೇ ಇಲ್ಲ ಅಂತ ಗೊತ್ತಾಯಿತು. ಎಲ್ಲರೂ ಕಳ್ಳರು ಅಂತ ಇದರ ಅರ್ಥ ಅಲ್ಲ. ಎಷ್ಟೋ ಕಡೆ ಎಐಎಸ್ ಕಡ್ಡಾಯವೇ ಅಲ್ಲ. ಆದರೆ ಕಾಣದ ಮೀನುಗಾರಿಕೆಗೆ ಮಿತಿ ಹಾಕೋದು ಹೇಗೆ?

ಕಾಣದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಉತ್ತರ ಕೊರಿಯಾದ ಸಮುದ್ರ ಒಂದು ಉದಾಹರಣೆ. ವಿಶ್ವಸಂಸ್ಥೆಯ ನಿರ್ಬಂಧದಿಂದಾಗಿ 2017ರಿಂದ ಅಲ್ಲಿ ವಿದೇಶಿ ಹಡಗುಗಳು ಮೀನು ಹಿಡಿಯೋ ಹಾಗಿಲ್ಲ. ಎಐಎಸ್ ನಕ್ಷೆಯಲ್ಲಿ ಹೆಚ್ಚೇನೂ ಕಾಣುತ್ತಿರಲಿಲ್ಲ. ಸಂಶೋಧಕರು ಎಐಎಸ್, ರೇಡಾರ್ ಚಿತ್ರ, ರಾತ್ರಿ ಬೆಳಕು ಹಿಡಿಯೋ ಉಪಗ್ರಹ, ಹೆಚ್ಚು ಸ್ಪಷ್ಟತೆಯ ಫೋಟೋ ಇವು ನಾಲ್ಕನ್ನೂ ಸೇರಿಸಿ ನೋಡಿದಾಗ 2017ರಲ್ಲಿ ಚೀನಾ ಮೂಲದ 900ಕ್ಕೂ ಹೆಚ್ಚು ಹಡಗುಗಳು ಅಲ್ಲಿ ಕಂಡವು. ಅವು ಹಿಡಿಯುತ್ತಿದ್ದುದು ಸ್ಕ್ವಿಡ್, ಅಂದ್ರೆ ನಮ್ಮ ಕರಾವಳಿಯವರು ಬೊಂಡಾಸ್ ಅನ್ನೋ ಜಾತಿಯದು. ದೊಡ್ಡ ಹಡಗುಗಳ ಎದುರು ನಿಲ್ಲಲಾರದ ಉತ್ತರ ಕೊರಿಯಾದ ಬಡ ಮೀನುಗಾರರು ಮರದ ಚಿಕ್ಕ ದೋಣಿಗಳಲ್ಲಿ ದೂರದ ರಷ್ಯಾ ಸಮುದ್ರದ ಕಡೆ ಹೋದರು. ಎಂಜಿನ್ ಕೆಟ್ಟು, ದಿಕ್ಕು ತಪ್ಪಿ, ಎಷ್ಟೋ ದೋಣಿಗಳು ಹೆಣಗಳನ್ನು ಹೊತ್ತು ಜಪಾನಿನ ದಡಕ್ಕೆ ತೇಲಿ ಬಂದವು. ಮೀನುಗಾರಿಕೆಯ ನಿಯಮ ಅಂದ್ರೆ ಬರೀ ಮೀನಿನ ವಿಷಯ ಅಂದುಕೊಂಡವರಿಗೆ ಇದಕ್ಕಿಂತ ಉತ್ತರ ಬೇಕಾ?

ಡೀಸೆಲ್ ಬಿಲ್ ಕಟ್ಟೋದು ಯಾರು?

ಇಷ್ಟು ದೂರ ಹೋಗಿ ಮೀನು ಹಿಡಿದರೆ ಲಾಭ ಬರುತ್ತಾ? ಬಹಳಷ್ಟು ಸಲ ಬರಲ್ಲ. 2018ರ ಒಂದು ಲೆಕ್ಕದ ಪ್ರಕಾರ ಪ್ರಪಂಚದ ಸರಕಾರಗಳು ಮೀನುಗಾರಿಕೆಗೆ ಕೊಟ್ಟ ಸಬ್ಸಿಡಿ ಸುಮಾರು 35 ಬಿಲಿಯನ್ ಡಾಲರ್. ಅದರಲ್ಲಿ 22 ಬಿಲಿಯನ್ ಹೆಚ್ಚು ಹಡಗು, ಹೆಚ್ಚು ಇಂಧನ, ಹೆಚ್ಚು ಹಿಡಿತ ಈ ಕಡೆಗೇ ಹೋಗಿದ್ದು. ಸಬ್ಸಿಡಿ ಇಲ್ಲದಿದ್ದರೆ ಯಾರದೂ ಅಲ್ಲದ ಸಮುದ್ರದಲ್ಲಿ ಈಗ ಮೀನು ಹಿಡಿಯುತ್ತಿರೋ ಜಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟದವು ಅಂತ ಅದೇ ವರ್ಷದ ಇನ್ನೊಂದು ಅಧ್ಯಯನ ಹೇಳಿತು. ಅಂದ್ರೆ ತೆರಿಗೆ ಹಣದಲ್ಲಿ ಡೀಸೆಲ್ ತುಂಬಿಸಿ ಸಮುದ್ರ ಬರಿದು ಮಾಡಿಸೋದು.

ಇದಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರ ಜೂನ್‌ನಲ್ಲಿ ಒಂದು ಒಪ್ಪಂದ ಆಯಿತು, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಕಳ್ಳ ಮೀನುಗಾರಿಕೆಗೆ, ಈಗಾಗಲೇ ಬಸವಳಿದ ಮೀನು ಸಮೂಹಗಳನ್ನು ಹಿಡಿಯೋದಕ್ಕೆ ಸಬ್ಸಿಡಿ ಕೊಡೋ ಹಾಗಿಲ್ಲ ಅನ್ನೋದು ಅದರ ಸಾರ. ಜಾರಿಗೆ ಬಂದಾಗ ಭಾರತ ಒಪ್ಪಿದವರ ಪಟ್ಟಿಯಲ್ಲಿ ಇರಲಿಲ್ಲ. ಹಡಗುಗಳ ಸಂಖ್ಯೆ, ಸಾಮರ್ಥ್ಯ ಹೆಚ್ಚಿಸೋ ಸಬ್ಸಿಡಿ ಬಗ್ಗೆ ಎರಡನೇ ಭಾಗ 2024ರಲ್ಲಿ ಅಬುಧಾಬಿಯಲ್ಲಿ ಮುರಿದುಬಿತ್ತು.

ಭಾರತದ ವಾದ ಏನು? ಶ್ರೀಮಂತ ದೇಶಗಳು ದಶಕಗಟ್ಟಲೆ ಸಬ್ಸಿಡಿ ಕೊಟ್ಟು ದೂರದ ಸಮುದ್ರಗಳನ್ನೆಲ್ಲ ಬಾಚಿಕೊಂಡಿವೆ. ನಮ್ಮ ಮೀನುಗಾರ ಕುಟುಂಬಕ್ಕೆ ಸಿಗೋದು ವರ್ಷಕ್ಕೆ ಸುಮಾರು 15 ಡಾಲರ್, ಅಲ್ಲಿ ಸಾವಿರಾರು ಡಾಲರ್. ಹಾಗಾಗಿ ದೂರ ಸಮುದ್ರದಲ್ಲಿ ಹಿಡಿಯೋ ದೇಶಗಳು 25 ವರ್ಷ ಸಬ್ಸಿಡಿ ನಿಲ್ಲಿಸಲಿ, ಬೆಳೆಯುತ್ತಿರೋ ದೇಶಗಳಿಗೆ 25 ವರ್ಷ ಕಾಲಾವಕಾಶ ಇರಲಿ. ಈ ವಾದದಲ್ಲಿ ನ್ಯಾಯ ಇದೆ ಅಂತ ನಾವು ಒಪ್ಪುತ್ತೇವೆ. ಹಬ್ಬದೂಟ ಮುಗಿಸಿದವರು ಕೈ ತೊಳೆಯುತ್ತಾ, ಈಗ ತಾನೇ ಎಲೆ ಮುಂದೆ ಕೂತವರಿಗೆ 'ಕಡಿಮೆ ತಿನ್ನಿ, ಆರೋಗ್ಯಕ್ಕೆ ಒಳ್ಳೇದು' ಅಂದ್ರೆ ಯಾರಿಗಾದರೂ ಸಿಟ್ಟು ಬರುತ್ತೆ.

ಆದರೆ 25 ವರ್ಷ ಕೇಳೋರು ಆ 25 ವರ್ಷದಲ್ಲಿ ಏನು ಮಾಡ್ತೀವಿ ಅನ್ನೋದನ್ನೂ ಹೇಳಬೇಕು. ಮೀನಿಗೆ ನ್ಯಾಯ ಅನ್ಯಾಯ ಗೊತ್ತಿಲ್ಲ. ಬಡ ದೇಶದ ಬಲೆಗೆ ಸಿಕ್ಕರೂ ಶ್ರೀಮಂತ ದೇಶದ ಬಲೆಗೆ ಸಿಕ್ಕರೂ ಅದು ಮೊಟ್ಟೆ ಇಡೋದಿಲ್ಲ. ಸಣ್ಣ ದೋಣಿಯವರ ಹೆಸರಲ್ಲಿ ಪಡೆದ ಸಮಯವನ್ನು ದೊಡ್ಡ ಟ್ರಾಲರ್‌ಗಳು ಬಳಸಿಕೊಂಡರೆ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1977ರ ನಂತರ ಆದದ್ದೇ ಇಲ್ಲೂ ಆಗುತ್ತೆ.

ನಮ್ಮ ಪರಿಸ್ಥಿತಿ ಕೆನಡಾದಷ್ಟು ಕೆಟ್ಟಿಲ್ಲ, ಅದನ್ನೂ ಹೇಳಬೇಕು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2022ರಲ್ಲಿ ಪರಿಶೀಲಿಸಿದ 135 ಮೀನು ಸಮೂಹಗಳಲ್ಲಿ ಶೇ. 91 ಸುಸ್ಥಿರವಾಗಿವೆ ಅಂತ ಹೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕವೂ ಸೇರಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು 61 ದಿನ ಕಡಲಿಗೆ ಇಳಿಯೋ ಹಾಗಿಲ್ಲ. ಎಲ್‌ಇಡಿ ಬೆಳಕು ಹಾಕಿ ಮೀನು ಸೆಳೆದು ಹಿಡಿಯೋದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. 2024ರ ಆಗಸ್ಟ್‌ನಿಂದ ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು 1 ಲಕ್ಷ ದೋಣಿಗಳಿಗೆ ಉಚಿತವಾಗಿ ಹಾಕೋ ಯೋಜನೆ ನಡೀತಿದೆ. ಬಿರುಗಾಳಿಯ ಎಚ್ಚರಿಕೆ ದೋಣಿಗೆ ತಲುಪುತ್ತೆ, ಕಷ್ಟದಲ್ಲಿದ್ದರೆ ದೋಣಿಯಿಂದ ದಡಕ್ಕೆ ಸಂದೇಶ ಬರುತ್ತೆ. ಒಳ್ಳೆಯ ಎಂಜಿನಿಯರಿಂಗ್ ಅಂದ್ರೆ ಇದು. ಹಾಗಂತ ನೆಮ್ಮದಿಯಾಗಿ ಮಲಗೋ ಹಾಗಿಲ್ಲ. ಟ್ರಾಲರ್ ಅಂಕಿ ನೋಡುತ್ತಿದ್ದವರಿಗೆ ಕೆನಡಾದ ಗ್ರಾಫ್ ಕೂಡ ಕೊನೆಯ ಕೆಲವು ವರ್ಷದವರೆಗೆ ಚೆನ್ನಾಗಿಯೇ ಕಾಣುತ್ತಿತ್ತು.

ಹಾಗಾದ್ರೆ ನಾವೇನು ಮಾಡೋದು?

ಒಪ್ಪಂದಕ್ಕೆ ಸಹಿ ಹಾಕೋಕೆ ನಮ್ಮನ್ನು ಯಾರೂ ಕರೆಯಲ್ಲ. ಆದರೆ ಎಣಿಕೆ ನಮ್ಮ ಕೆಲಸ. ನಮ್ಮ ಕ್ಯಾಂಪಸ್‌ಗಳಲ್ಲಿ ಪ್ರತಿ ವರ್ಷ ಎಷ್ಟು ಮಿನಿ ಪ್ರಾಜೆಕ್ಟ್‌ಗಳು ಮುಖ ನೋಡಿ ಅಟೆಂಡೆನ್ಸ್ ಹಾಕೋ ಸಿಸ್ಟಂ ಆಗಿರುತ್ತವೆ, ಎಣಿಸಿ ನೋಡಿ. ಅದೇ ಮಾಡೆಲ್‌ಗೆ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿಯ ಫೋಟೋ ಕೊಟ್ಟರೆ ಜಾತಿ ಗುರುತಿಸಿ ಉದ್ದ ಅಳೆಯಬಹುದು. ಬಂದರಿಗೆ ಬಂದ ಮೀನಿನ ಉದ್ದ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆಯಾ ಅನ್ನೋದು ಮೀನು ವಿಜ್ಞಾನಿಗಳಿಗೆ ಬೇಕಾದ ಮುಖ್ಯ ಡೇಟಾ. ಎಲೆಕ್ಟ್ರಾನಿಕ್ಸ್‌ನವರಿಗೆ ಎಐಎಸ್ ಸಿಗ್ನಲ್ ಹಿಡಿಯೋ ರಿಸೀವರ್ ಮಾಡೋದು ಒಂದು ಸೆಮಿಸ್ಟರ್‌ಗೆ ಆಗೋ ಕೆಲಸ. ಮೆಕ್ಯಾನಿಕಲ್‌ನವರು ಆಮೆ ಹೊರಗೆ ಹೋಗಿ ಸಿಗಡಿ ಒಳಗೆ ಉಳಿಯೋ ಬಲೆಯ ವಿನ್ಯಾಸ ನೋಡಬಹುದು.

ಇನ್ನೊಂದು ಮಾತು, ಇದು ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಹೇಳಲೇಬೇಕು. ಹೈದರಾಬಾದಿನ ಇಂಕಾಯ್ಸ್ ಅನ್ನೋ ಸಂಸ್ಥೆ ಉಪಗ್ರಹದಿಂದ ನೀರಿನ ತಾಪ, ಬಣ್ಣ ನೋಡಿ ಎಲ್ಲಿ ಮೀನು ಸಿಗಬಹುದು ಅಂತ ಮೀನುಗಾರರಿಗೆ ಅವರವರ ಭಾಷೆಯಲ್ಲಿ ತಿಳಿಸುತ್ತೆ, ಕನ್ನಡದಲ್ಲೂ. ಎಲ್ಲಿ ಮೀನಿದೆ ಅನ್ನೋದು ಎಷ್ಟು ಸುಲಭವಾಗಿ ಸಿಗುತ್ತೋ, ಎಷ್ಟು ಮೀನು ಉಳಿದಿದೆ ಅನ್ನೋದೂ ಅಷ್ಟೇ ಸುಲಭವಾಗಿ, ಅದೇ ಭಾಷೆಯಲ್ಲಿ, ಅದೇ ಫೋನಿಗೆ ಸಿಗಬೇಕು. ಮತ್ತೆ ದಾರಿ ಎರಡೂ ಕಡೆಯದಾಗಿರಬೇಕು. ಮಲ್ಪೆಯಲ್ಲೋ ಕಾರವಾರದಲ್ಲೋ ನಲವತ್ತು ವರ್ಷ ಕಡಲಿಗೆ ಹೋದವರು 'ಈ ಸಲ ಮೀನು ಚಿಕ್ಕದು ಮಾರಾಯ್ರೆ' ಅಂದ್ರೆ ಅದೂ ಒಂದು ರೀಡಿಂಗ್. ಆ ರೀಡಿಂಗನ್ನು ಡೇಟಾ ಅಂತ ಒಪ್ಪಿಕೊಳ್ಳೋ ಫಾರ್ಮ್ ಮಾಡೋದು ದೊಡ್ಡ ತಂತ್ರಜ್ಞಾನವೇನಲ್ಲ. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಅಂಥದ್ದೊಂದು ಇರಲಿಲ್ಲ.

ಮುಂದೆ ನಮ್ಮಲ್ಲೇ ಕೆಲವರು ಸೋನಾರ್ ಮಾಡೋ ಕಂಪನಿಗೆ ಹೋಗಬಹುದು, ಇನ್ನು ಕೆಲವರು ಉಪಗ್ರಹದ ಕಡೆ ಹೋಗಬಹುದು. ಎರಡೂ ಕೆಲಸವೇ, ಎರಡಕ್ಕೂ ಸಂಬಳ ಬರುತ್ತೆ. ಹಿಡಿಯೋ ಯಂತ್ರವನ್ನು ಶೇ. 10 ಚುರುಕು ಮಾಡಿದ ದಿನ, ಎಣಿಸೋ ಯಂತ್ರವನ್ನೂ ಅಷ್ಟು ಚುರುಕು ಮಾಡಿದವರು ಯಾರಾದರೂ ಇದ್ದಾರಾ ಅಂತ ಕೇಳೋ ಅಭ್ಯಾಸ ಈಗಲೇ ಬೆಳೆಸಿಕೊಳ್ಳೋಣ. ಬರೋ ಜೂನ್ 8ಕ್ಕೆ ಪೋಸ್ಟರ್ ಮಾಡೋರು ಮಾಡಲಿ. ಜೊತೆಗೆ ಒಂದು ಗ್ರಾಫ್ ಕೂಡ ಹಾಕಿ, ಅದರ ಡೇಟಾ ಎಲ್ಲಿಂದ ಬಂತು ಅಂತ ಕೆಳಗೆ ಬರೆಯಿರಿ.